ತಳ ಹತ್ತದ ಮೋಟರು

ಆ ಮಾತನ್ನಾಡಿದ್ದು ಹುಡುಗಿಯೋ ಅವಳ ಅಜ್ಜಿಯೋ, ನನಗೆ ಖಾತ್ರಿಯಿಲ್ಲ. ಊರು ಹಿರೇಕೆರೂರು, ಕಾಲ ಅರವತ್ತರ ದಶಕದ ಕೊನೆ. ತಟ್ಟೆಯಲ್ಲಿ ಉಪ್ಪಿಟ್ಟಿತ್ತೋ ಅವಲಕ್ಕಿಯೋ, ಅದೂ ಮರೆತಿದೆ.

ಗುಜರಾತಿನ ಎಣ್ಣೆಬಾವಿಗಳಲ್ಲಿ ನಾನು ಎಂಜಿನಿಯರಾಗಿ ಸೇರಿ ಕೆಲವೇ ತಿಂಗಳಾಗಿತ್ತು. ರಜೆಗೆ ಬಂದವನನ್ನು ಸವಣೂರಿನ ಸೋದರಮಾವ ಹೆಣ್ಣು ನೋಡಲು ಕರೆದೊಯ್ದಿದ್ದ. ನೋಡಿದ ಗಳಿಗೆಗೇ ನಾನು ಒಪ್ಪಿಬಿಟ್ಟಿದ್ದೆ. ಇನ್ನು ಒಪ್ಪಬೇಕಾದವರು ಹುಡುಗಿಯ ಅಪ್ಪ. ಕೆಲಸ ಏನೆಂದು ಕೇಳಿದರು.

“ಎಣ್ಣಿ ಬಾವ್ಯಾಗ ಕರೆಂಟಿನ ಪಂಪ್ ಇಳಿಬಿಡ್ತೇವ್ರಿ, ಮೋಟರ್ ಸಮೇತ. ಮೈಲು ಆಳಕ್ಕ.”

ಅವರು ತಟ್ಟೆ ಕೆಳಗಿಟ್ಟರು.

“ಮೋಟರ್ ಮುಳುಗಸ್ತೀರಿ?”

“ಹೌದ್ರಿ, ಪೂರ್ತಿ.”

“ಹ್ವಾದ ಮಳಿಗಾಲದಾಗ ನಮ್ಮ ಬಾವಿ ಮೋಟರಿಗೆ ನಾಕ ಬೆರಳು ನೀರು ಹೊಕ್ಕು ಸುಟ್ಟ ಹೋತ್ರಿ. ನಿಮ್ಮ ಎಣ್ಣಿ ತಣ್ಣಗರ ಇರತೈತೇನು?”

“ಮುಚ್ಚಿದ ಮೋಟರ್ರಿ, ಒಳಗ ಹನೀನೂ ಹೋಗೂದಿಲ್ಲ. ಆದ್ರ ಎಣ್ಣಿ ತಣ್ಣಗ ಇಲ್ರಿ, ಕೈ ಸುಡೂವಷ್ಟು ಬಿಸಿ.”

ಅವರು ಮಾವನತ್ತ ತಿರುಗಿದರು. “ಈ ಹುಡುಗ ಒಂದ ಸುಳ್ಳ ಹೇಳಾಕತ್ತಾನ, ಇಲ್ಲಾಂದ್ರ ನಾಳೆ ಕೆಲಸ ಕಳಕೊಳ್ಳಾಂವ ಅದಾನ. ಹೆಂಗ್ರಿ ಹೆಣ್ಣ ಕೊಡೂದು?”

ಮಾವ ನಕ್ಕುಬಿಟ್ಟ. ಬಿಸಿ ಎಣ್ಣೆಯಲ್ಲಿ ಮೋಟರು ಯಾಕೆ ಸುಡುವುದಿಲ್ಲವೆಂದು ನನಗೇ ಗೊತ್ತಿರಲಿಲ್ಲ. ಅಷ್ಟೊತ್ತಿಗೆ ಅಂಥ ಪಂಪನ್ನು ಕಣ್ಣಾರೆ ಕಂಡಿದ್ದೆನೋ, ಬರೀ ಪುಸ್ತಿಕೆ ಓದಿದ್ದೆನೋ, ಈಗ ಅದೂ ಅನುಮಾನ.

ಆಗ ಅಡುಗೆಮನೆಯ ಬಾಗಿಲ ಮರೆಯಿಂದ ದನಿ ಬಂತು: “ಬಿಸಿ ಇದ್ರ ಏನಾತಪ್ಪ? ನುಚ್ಚು ಕೊತಕೊತ ಕುದ್ದರೂ ತಿರುವತಾ ಇದ್ರ ತಳ ಹತ್ತೂದಿಲ್ಲ. ಎಣ್ಣಿ ನಿಲ್ಲದಂಗ ಹರೀತಿದ್ರ ಮೋಟರ್ ಯಾಕ ಸುಟ್ಟೀತು?”

“ಹಂಗೇನ್ರಿ?” ಎಂದು ಅಪ್ಪ ನನ್ನನ್ನು ಕೇಳಿದರು.

“ಹಂಗ ನೋಡ್ರಿ” ಎಂದೆ, ಮೊದಲೇ ಗೊತ್ತಿದ್ದವನಂತೆ.

ಅವರು ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. ಮಾವ ಅದನ್ನೇ ಒಪ್ಪಿಗೆಯೆಂದು ತಿಳಿದು ಇನ್ನೊಮ್ಮೆ ಬಡಿಸಿಕೊಂಡ.

ಮದುವೆಯಾಯಿತು. ಆ ದನಿ ಅಜ್ಜಿಯದು, ಅಪ್ಪನೆದುರು ಬಾಯಿ ಬಿಡುವ ಧೈರ್ಯ ತನಗೆಲ್ಲಿತ್ತು ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಧೈರ್ಯದ ವಿಷಯದಲ್ಲಿ ನಾನು ಅವಳ ಮಾತು ನಂಬುವುದಿಲ್ಲ. ಆದರೆ ಗುಜರಾತಿಗೆ ಮರಳಿದ ವಾರವೇ ಪಂಪಿನ ಕೈಪಿಡಿ ತೆರೆದು, ಹಿರಿಯ ಮೆಕ್ಯಾನಿಕ್ಕನನ್ನೂ ಕೇಳಿ ಒಂದನ್ನು ಖಾತ್ರಿ ಮಾಡಿಕೊಂಡೆ: ಎಣ್ಣೆ ಬಾವಿಗೆ ಒಸರುವ ಜಾಗಕ್ಕಿಂತ ಮೇಲೆಯೇ ಮೋಟರನ್ನು ತೂಗುಬಿಡುತ್ತಾರೆ. ಮೋಟರು ಎಣ್ಣೆಗಿಂತಲೂ ಬಿಸಿ. ಮೇಲೇರುವ ಎಣ್ಣೆ ಅದರ ಮೈ ಸವರಿಕೊಂಡು ಹೋಗುತ್ತ ಕಾವನ್ನು ಒಯ್ಯುತ್ತದೆ.