ಅಂಚು ಸಿಗದ ಗೆರೆ

ಮಿರಜದಲ್ಲಿ ಗಾಡಿ ಬದಲಿಸಿ, ರಾತ್ರಿಯಿಡೀ ಯಾರದೋ ಟ್ರಂಕಿನ ಮೇಲೆ ಕುಳಿತು ಭಾನುವಾರ ಬೆಳಿಗ್ಗೆ ದಾದರಿನಲ್ಲಿ ಇಳಿದಾಗ ನನ್ನ ಸೊಂಟ ಸೊಂಟವಾಗಿ ಉಳಿದಿರಲಿಲ್ಲ. ಮುಂಬಯಿ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ನಾನು ಪಾಠ ಹೇಳುವ ಹುಬ್ಬಳ್ಳಿಯ ಕಾಲೇಜಿಗೆ ಸೋಮವಾರದ ರಜೆ ಹಾಕಿ ಬಂದಿದ್ದೆ, ಕರೆದವಳು ಜುಬೇದಾ ಎಂಬ ಕಾರಣಕ್ಕೆ. ಧಾರವಾಡದಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಭೌತಶಾಸ್ತ್ರ ಓದಿದವರು ನಾವು.

ಟ್ಯಾಕ್ಸಿಯವನ ದರ ಕೇಳಿ ಎದೆ ಧಸಕ್ಕೆಂದಿತು, ಲೋಕಲ್ ಗಾಡಿಯ ಹೆಂಗಸರ ಡಬ್ಬಿ ಹತ್ತಿದೆ. ಮರಾಠಿ ಬಾಯಿಯೊಬ್ಬಳು "ಪುಢೇ ಸರಕಾ!" ಎಂದು ಮುಂದೆ ಸರಿಯಲು ಗದರಿ ಮೊಣಕೈಯಿಂದಲೇ ನನ್ನನ್ನು ಒಳಗೆ ಸೇರಿಸಿದಳು. ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಜುಬೇದಾ ಕಾಯುತ್ತಿದ್ದಳು. ಬಡಕಲಾಗಿದ್ದಳು.

ಎದುರಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ವಿಷಯ ಹೇಳಿದಳು. ಕ್ವೇಸಾರ್ ಎಂದರೆ ಬಹುದೂರದಲ್ಲಿ ಉರಿಯುವ ಚುಕ್ಕಿ. ಅದರ ನಡುವೆ ಕಾಣದ ಕಪ್ಪು ಕುಳಿಯೊಂದಿದೆ ಎಂದು ಆಗ ಕೆಲವರು ಹೇಳತೊಡಗಿದ್ದರು. ಕಾಣದ್ದನ್ನು ತೂಗುವುದು ಹೇಗೆ? ಅದರ ಸುತ್ತ ಅನಿಲ ಸುತ್ತುತ್ತದೆ. ವೇಗ ಹೆಚ್ಚಿದಷ್ಟೂ, ಆ ಅನಿಲದ ಬೆಳಕನ್ನು ಬಣ್ಣಗಳಾಗಿ ಒಡೆದು ಫೋಟೋ ತೆಗೆದ ಗಾಜಿನ ಫಲಕದ ಮೇಲೆ ಅದರ ಗೆರೆ ಅಗಲವಾಗುತ್ತದೆ. ವೇಗಕ್ಕೆ, ಅನಿಲ ಕುಳಿಯಿಂದ ಎಷ್ಟು ದೂರ ಎಂಬ ಅಂದಾಜು ಸೇರಿಸಿದರೆ ಕುಳಿಯ ತೂಕ. ಆ ಗೆರೆಗಳ ಅಗಲ ಅಳೆಯುವುದೇ ಹತ್ತಿರದ ಪ್ರಯೋಗಾಲಯವೊಂದರಲ್ಲಿ ಜುಬೇದಾಳ ನೌಕರಿ.

"ಈ ಸಲದ ನನ್ನ ಅಳತಿ ಬಾಸ್ ನಂಬವಲ್ರು. ನಿನ್ನ ಕಣ್ಣs ಕೆಟ್ಟಾವು ಅಂತಾರ. ನಿನ್ನಂಥಾ ಹೊರಗಿನವರ ಅಳತಿ ನನ್ನದಕ್ಕ ಕೂಡಲಿಲ್ಲಂದ್ರ ಮನಿಗೆ ಹೋಗೂದs," ಎಂದಳು.

ಪರೇಲಿನಲ್ಲಿ ಗಂಡನ ಮಿಲ್ಲು ಮುಚ್ಚಿತ್ತು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ತನ್ನ ಅಳತೆ ಹೆಚ್ಚೋ ಕಡಿಮೆಯೋ ಎಂಬುದರ ಬಗ್ಗೆಯೂ ಅವಳು ಬಾಯಿ ಬಿಡಲಿಲ್ಲ. ಮೊದಲನೆಯವರ ಲೆಕ್ಕ ಎರಡನೆಯವರಿಗೆ ತಿಳಿಯಬಾರದು ಎಂಬುದು ಅಲ್ಲಿಯ ಪದ್ಧತಿ.

ಪ್ರಯೋಗಾಲಯಕ್ಕೆ ಭಾನುವಾರದ ರಜೆ, ನರಪಿಳ್ಳೆ ಇರಲಿಲ್ಲ. ಹೊರಗೆ ಮೇ ತಿಂಗಳ ಧಗೆ. ಒಳಗೆ ಕಪ್ಪು ಪರದೆ, ಒಂದು ಸಣ್ಣ ದೀಪ, ಮೈ ನಡುಗಿಸುವ ತಂಪು. ಫಲಕದಲ್ಲಿ ಬೆಳಕು ಬಿದ್ದಲ್ಲೆಲ್ಲ ಕಪ್ಪಾಗಿತ್ತು. ಸೂಕ್ಷ್ಮದರ್ಶಕದೊಳಗಿನ ತಂತಿಯನ್ನು ಗೆರೆಯ ಒಂದು ಅಂಚಿಗಿಟ್ಟು, ತಿರುಪು ತಿರುಗಿಸುತ್ತಾ ಇನ್ನೊಂದು ಅಂಚಿಗೆ ಒಯ್ಯಬೇಕು. ಒಯ್ದೆ. ಕಪ್ಪು ತೆಳುವಾಗುತ್ತಿತ್ತು, ಮುಗಿಯುತ್ತಿರಲಿಲ್ಲ. ತಲೆಯ ಮೇಲೆ ಹಾರುತ್ತಿದ್ದ ವಿಮಾನಗಳ ಸದ್ದೂ ಎಲ್ಲೋ ನಿಂತುಹೋಗಿತ್ತು. ತಿರುಪು ತಿರುಗಿಸುತ್ತಿರುವುದು ನಾನೋ, ಆಚೆಯಿಂದ ಯಾರಾದರೂ ನನ್ನ ಕೈ ಎಳೆಯುತ್ತಿದ್ದಾರೋ ತಿಳಿಯದಾಯಿತು. ಸುಳ್ಳೇಕೆ, ನನಗೆ ಹೆದರಿಕೆಯಾಯಿತು.

ಗೋಡೆಗೆ ಮುಖ ಮಾಡಿ ನಿಂತಿದ್ದ ಜುಬೇದಾ ಮೆಲ್ಲಗೆ ಕೇಳಿದಳು, "ಅಂಚು ಸಿಕ್ತೇನು?"

"ಸಿಗವಲ್ದು. ಸುಮ್ನಿರು, ಅಂಜಿಸಬ್ಯಾಡ!"

ಕೊನೆಗೊಮ್ಮೆ ಬರೀ ಗಾಜು ಕಂಡಿತು. ಫಲಕವನ್ನು ತಿರುಗಿಸಿಟ್ಟು ಇನ್ನೊಂದು ದಿಕ್ಕಿನಿಂದ ಮತ್ತೆ ಅಳೆದೆ. ಅಷ್ಟೇ ಬಂತು. ಲೆಕ್ಕ ಹಾಕಿ ಇಬ್ಬರದ್ದನ್ನೂ ಪಕ್ಕಪಕ್ಕ ಇಟ್ಟೆವು. ಕೂದಲೆಳೆಯ ಅಂತರ. ನೂರಾರು ಕೋಟಿ ಸೂರ್ಯರ ತೂಕ, ಒಂದೇ ಕಡೆ, ಕತ್ತಲಲ್ಲಿ.

"ಗೆದ್ದಿ ಬಿಡs! ಕಣ್ಣು ಛಲೋ ಅದಾವ ನಿನ್ನವು!" ಎಂದು ಅವಳ ಭುಜ ಹಿಡಿದು ಅಲುಗಾಡಿಸಿದೆ.

ಅವಳು ನಗಲಿಲ್ಲ. "ಯಾ ಅಲ್ಲಾ," ಎಂದು ಸ್ಟೂಲಿನ ಮೇಲೆ ಕುಸಿದಳು. "ನನ್ನ ಕಣ್ಣು ಕೆಟ್ಟಿರಬೇಕು, ಅಷ್ಟು ದೊಡ್ಡದು ಅಲ್ಲೇನೂ ಇಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ."

ಸಂಜೆ ದಾದರಿಗೆ ಕಳಿಸಲು ಬಂದಳು. ಬಟಾಟೆ ವಡೆಯ ಪೊಟ್ಟಣವನ್ನು ಕಿಟಕಿಯಿಂದ ಒಳಗೆ ತೂರಿಸಿ ಸರಳು ಹಿಡಿದು ನಿಂತಳು. ನಾನು ಅವಳಿಗೆ ಧೈರ್ಯ ಹೇಳಿದೆ. "ನಾಳೆ ಆ ಲೆಕ್ಕ ಬಾಸನ ಮಾರಿಗೆ ಹಿಡಿ. ನೌಕರಿ ಗಟ್ಟಿ ಆತು."

"ಗಟ್ಟಿ ಆತು, ಖರೆ," ಎಂದಳು. "ಆದ್ರ ನಾಳೆಯಿಂದ ಆ ಖೋಲ್ಯಾಗ, ಆ ಕುಳಿ ಮುಂದ, ನಾ ಒಬ್ಬಾಕಿನs ಕೂಡ್ರಬೇಕಲ್ಲ."

ಗಾಡಿ ಅಲುಗಿತು. ಅವಳು ಸರಳು ಬಿಡದೆ ಜೊತೆಗೇ ನಡೆಯತೊಡಗಿದಳು. ಕೊನೆಗೆ ನಾನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.