ಓರಗಿತ್ತಿಯ ಕೊರಳ ಚೂರಿ

ನನ್ನ ಮೈದುನನ ಹೆಂಡತಿ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳ ಕೊರಳಲ್ಲಿ ತಾಳಿಯ ಜೊತೆಗೆ ಒಂದು ಪುಟ್ಟ ಚೂರಿಯೂ ಇತ್ತು. ಮದುವೆಯ ದಿನ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಕುರಿಹಟ್ಟಿಯಲ್ಲಿ ಕಸ ಬಳಿಯಲು ಬಗ್ಗಿದಾಗ ಸೆರಗಿನ ಒಳಗಿಂದ ಈಚೆ ಬಂದು ತೂಗಾಡಿತು. ಬೆರಳುದ್ದದ ಅಲಗು, ಜಾಲಿಮರದ ಹಿಡಿ, ತೊಗಲಿನ ಒರೆ, ಅದನ್ನು ತೂಗುಹಾಕಿದ್ದ ಹತ್ತಿದಾರ.

ಅತ್ತೆ ಬಾಗಿಲಲ್ಲೇ ನಿಂತು ನೋಡಿದರು.

"ತಾಳಿ ಪಕ್ಕದಾಗೆ ಕಬ್ಬಿಣ ಆಕ್ಕಂಡಿದೀಯಲ್ಲ, ಇದ್ಯಾವೂರ ಪದ್ದತಿ?"

"ಪರಿಸಲ್ ಓಡ್ಸೋರ ಮನೆಯೋರು ನಾವು, ಅತ್ತೆ. ನೀರಾಗೆ ಬಲೆ ಕಾಲ್ಗೆ ಸುತ್ಕಂಡ್ರೆ ಸೊಂಟದಾಗಿರೋ ಕತ್ತಿ ಕೈಗೆ ಸಿಕ್ಕಲ್ಲ. ಕತ್ನಾಗಿದ್ರೆ ಒಂದೇ ಕೈಗೆ ಬತ್ತದೆ. ನಮ್ಮಪ್ಪ ಏಳಿ ಮಾಡ್ಸಿಕೊಟ್ಟಿದ್ದು."

ಅವಳ ತವರು ಹೊಗೆನಕಲ್. ಅಪ್ಪ ಹರಿಗೋಲು ನಡೆಸುವವನು. ನಮ್ಮ ಕಡೆ ಹರಿಗೋಲನ್ನು ತಮಿಳಿನವರ ಹಾಗೆ ಪರಿಸಲ್ ಅಂತಲೇ ಕರೆಯುತ್ತೇವೆ. ಮಗಳಿಗೆ ಗಂಡು ಗೊತ್ತಾದ ಮೇಲೆ ಅವನು ಅವಳನ್ನು ಪೆನ್ನಾಗರದ ಕುಲುಮೆಗೆ ಕರೆದುಕೊಂಡು ಹೋಗಿ, ಅವಳ ಅಂಗೈಯನ್ನು ತೆಂಗಿನ ಕಡ್ಡಿಯಿಂದ ಅಳೆಸಿ, ಆ ಅಳತೆಗೆ ತಕ್ಕ ಹಿಡಿ ಹಾಕಿಸಿದ್ದನಂತೆ. ಅದನ್ನು ಅವಳು ಸುಮ್ಮನೆ, ಯಾವ ಜಂಬವೂ ಇಲ್ಲದೆ ಹೇಳಿದಳು. ನನಗೆ ಮೊದಲು ನಾಟಿದ್ದು ಅದೇ. ನನ್ನ ಅಪ್ಪ ಒಳ್ಳೆಯವನೇ. ನನ್ನ ಮದುವೆಗೆ ಬೀರು ಕೊಟ್ಟ, ಪಾತ್ರೆ ಕೊಟ್ಟ, ಎಲ್ಲರ ಅಪ್ಪಂದಿರೂ ಕೊಡುವುದನ್ನೆಲ್ಲ ಕೊಟ್ಟ. ನನ್ನ ಅಂಗೈ ಎಷ್ಟು ಅಗಲ ಅಂತ ಮಾತ್ರ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಗೊಣಗಬಹುದು ಅಂದುಕೊಂಡೆ. ಅವರು "ಕಬ್ಬಿಣ ಮೈಮೇಲಿದ್ರೆ ಗಾಳಿ ಗೀಳಿ ಸೋಕಲ್ಲ, ಇರ್ಲಿ ಬುಡು" ಅಂದರು. ನಾನು ಬಂದ ಹೊಸದರಲ್ಲಿ ತಲೆಗೆ ಕ್ಲಿಪ್ ಹಾಕಿದ್ದಕ್ಕೇ ಒಂದು ವಾರ ಮುಖ ಊದಿಸಿಕೊಂಡಿದ್ದವರು ಅವರು.

ನಮ್ಮದು ಕೊಳತ್ತೂರಿನ ಪಕ್ಕದ ಹಳ್ಳಿ. ರಾಗಿ, ಕಡಲೆಕಾಯಿ, ಒಂದು ಮಂದೆ ಕುರಿ, ಅದರ ನಡುವೆ ಕೆಲವು ಕರಿ ಮೇಕೆ. ಮೆಟ್ಟೂರು ಅಣೆಕಟ್ಟಿನ ನೀರು ಹಿಂದಕ್ಕೆ ಸರಿದಾಗ ಬಯಲಾಗುವ ಮಣ್ಣಿನಲ್ಲಿ ಎಳೆ ಹುಲ್ಲು ಬರುತ್ತದೆ. ಆ ತಿಂಗಳುಗಳಲ್ಲಿ ನಾನೂ ಓರಗಿತ್ತಿಯೂ ಮಂದೆಯನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದೆವು. ಅಲ್ಲಿ ದಿನವಿಡೀ ನಾನು ನೋಡಿದ್ದು ಕುರಿಗಳನ್ನಲ್ಲ, ಆ ಚೂರಿಯನ್ನು. ಕಾಲಿಗೆ ಮುಳ್ಳು ಹೊಕ್ಕರೆ ಅವಳು ಎದೆಗೆ ಕೈ ಹಾಕಿ ಕೆಳಕ್ಕೆ ಎಳೆದರೆ ಸಾಕು, ಚೂರಿ ಈಚೆ. ಸೊಪ್ಪು ಕೀಳುವ ದೋಟಿಗೆ ಹೊಸ ಹಗ್ಗ ಕಟ್ಟಲು ಚೂರಿ, ಸೀಬೆಹಣ್ಣು ಹೆಚ್ಚಲು ಚೂರಿ, ಹೊಸ ಮರಿಯ ಹೊಕ್ಕುಳ ಬಳ್ಳಿಗೂ ಬಿಸಿ ಮಾಡಿದ ಅದೇ ಚೂರಿ. ನನ್ನ ಕುಡುಗೋಲು ಯಾವಾಗಲೂ ಮರದ ಕೆಳಗಿನ ಚೀಲದಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ನನ್ನದೇ ಹೆಣ್ಣು ಕುರಿಮರಿಯೊಂದು ನೀರಂಚಿಗೆ ಇಳಿದು, ಯಾರೋ ಬಿಟ್ಟುಹೋಗಿದ್ದ ಹಳೇ ನೈಲಾನ್ ಬಲೆಗೆ ಸಿಕ್ಕಿಕೊಂಡಿತು. ಒದ್ದಾಡಿದಷ್ಟೂ ಬಿಗಿದುಕೊಂಡು ನೀರೊಳಕ್ಕೆ ಸರಿಯುತ್ತಿತ್ತು. ನಾನು ಕುಡುಗೋಲಿಗಾಗಿ ಮರದ ಕಡೆ ಓಡಿದೆ. ತಿರುಗಿ ಬರುವ ಹೊತ್ತಿಗೆ ಅವಳು ಸೊಂಟದವರೆಗೆ ನೀರಲ್ಲಿ ನಿಂತು, ಒಂದು ಕೈಯಲ್ಲಿ ಮರಿಯ ಮೂತಿಯನ್ನು ಮೇಲೆತ್ತಿ ಹಿಡಿದು, ಇನ್ನೊಂದರಲ್ಲಿ ಬಲೆಯನ್ನು ಕೊಯ್ದು ಮುಗಿಸಿದ್ದಳು. ಊಟದ ಬುತ್ತಿ ಕೊಡಲು ಬೈಕಿನಲ್ಲಿ ಬಂದಿದ್ದ ಮೈದುನ ದಡದಲ್ಲಿ ನಿಂತು ಅದನ್ನೆಲ್ಲ ಫೋನಿನಲ್ಲಿ ಹಿಡಿದ. ಸಂಜೆಗೆ ಅದು ಅವನ ವಾಟ್ಸಾಪ್ ಸ್ಟೇಟಸ್. ಅದರ ಮೂಲೆಯಲ್ಲಿ ಕುಡುಗೋಲು ಹಿಡಿದು ಬಾಯಿ ಬಿಟ್ಟುಕೊಂಡು ಓಡಿ ಬರುತ್ತಿರುವ ನಾನೂ ಇದ್ದೆ.

ಮೂರು ಊರಿನವರು ಅದನ್ನು ನೋಡಿದರು. ಹಾಲಿನ ಸೊಸೈಟಿಯಲ್ಲಿ ನಿಂತಿದ್ದ ಹೆಂಗಸರು, "ನಿಂಗೆ ತಂಗಿ ಅಂದ್ರೆ ಇವ್ಳೇ ಕಣಮ್ಮಿ" ಅಂದರು. ಕುರಿ ಉಳಿದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಆ ಮರಿ ನನ್ನ ಕಣ್ಣೆದುರು ಬಂದಾಗಲೆಲ್ಲ ಅದರ ಬದಲು ಬೇರೆ ಯಾವುದಾದರೂ ಮರಿ ಬಲೆಗೆ ಸಿಕ್ಕಬಾರದಿತ್ತೇ ಅನ್ನಿಸುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದೆ. "ನಂಗೂ ಒಂದು ಮಾಡಿಸ್ಬೇಕು."

"ಏನು?"

"ಕತ್ತಿಗೆ ಆಕ್ಕಳೋ ಚೂರಿ."

"ಅವ್ಳದೇ ಐತಲ್ಲ ಮನೇಲಿ. ಇಬ್ರೂ ಒಟ್ಗೇ ತಾನೆ ಓಗೋದು?"

ನಾನು ಸಾರು ಬಡಿಸಲಿಲ್ಲ. ಅವರು ತಲೆ ಎತ್ತಿ ನೋಡಿ, "ಸರಿ ಸರಿ, ಮಾಡ್ಸು" ಅಂದರು.

ನಂಗವಳ್ಳಿಯಲ್ಲಿ ನಮ್ಮ ಮನೆಗೆ ಗುದ್ದಲಿ, ಮಚ್ಚು ಮಾಡಿಕೊಡುವ ಆಚಾರಿಯೊಬ್ಬರ ಕುಲುಮೆಯಿದೆ. ವಯಸ್ಸಾದವರು, ಮಾತು ಕಡಿಮೆ, ಆಡಿದರೆ ತಮಿಳು. ಬಸ್ಸಿನಲ್ಲಿ ಹೋಗುವಾಗಲೇ ನಾನು ಎಲ್ಲ ಲೆಕ್ಕ ಹಾಕಿಕೊಂಡಿದ್ದೆ. ಅವಳದು ಬೆರಳುದ್ದವಾದರೆ ನನ್ನದು ಗೇಣುದ್ದ. ಅವಳದು ಮರದ ಹಿಡಿಯಾದರೆ ನನ್ನದು ಹಿತ್ತಾಳೆಯದು. ಅವಳದು ಹತ್ತಿದಾರವಾದರೆ ನನ್ನದು ಯಾವ ಕಾಲಕ್ಕೂ ಹರಿಯದ ನೈಲಾನ್ ಹಗ್ಗ.

ಆಚಾರಿ ಕೇಳಿಸಿಕೊಂಡು, "ಎದುಕ್ಕಮ್ಮಾ ಇವ್ವಳವು ಪೆರಿಸು?" ಅಂದರು. ಇಷ್ಟು ದೊಡ್ಡದು ಯಾಕೆ ಅಂತ.

"ನಂಗೆ ದೊಡ್ಡದೇ ಬೇಕು."

ಅವರು ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಒಂದು ತುಂಡು ತೆಗೆದು ಬೆಂಕಿಗಿಟ್ಟರು. ಒರೆಯನ್ನು ನಾನೇ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರಿಂದ ಹೊಲಿಸಿದೆ, ಸರಾಗವಾಗಿ ಬರಲಿ ಅಂತ ಸ್ವಲ್ಪ ಸಡಿಲವಾಗಿಯೇ.

ಆ ಚೂರಿ ಹಾಕಿಕೊಂಡು ಮನೆಗೆ ಬಂದ ದಿನ ನಾನು ಬೇಕೆಂದೇ ಸೆರಗಿನ ಮೇಲೆ ತೂಗುಬಿಟ್ಟಿದ್ದೆ. ಹಿತ್ತಾಳೆ ಬಿಸಿಲಿಗೆ ಫಳಫಳ ಹೊಳೆಯಿತು. ಓರಗಿತ್ತಿ ಹತ್ತಿರ ಬಂದು ಕೈಯಲ್ಲಿ ಎತ್ತಿ ನೋಡಿ, "ತೂಕವಾಗೈತಲ್ಲ ಅಕ್ಕ" ಅಂದಳು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಅವಳ ಮುಖದಲ್ಲಿ ಹೊಟ್ಟೆಕಿಚ್ಚೇನಾದರೂ ಕಾಣುತ್ತದೋ ಅಂತ ಹುಡುಕಿದೆ. ಕಾಣಲಿಲ್ಲ. ಅದಕ್ಕೂ ಬೇಜಾರಾಯಿತು.

ಸಂಜೆಯ ಹೊತ್ತಿಗೆ ನನಗೆ ಕತ್ತು ನೋವು. ಕೂತರೆ ಅದರ ತುದಿ ಹೊಟ್ಟೆಗೆ ಒತ್ತುತ್ತಿತ್ತು, ನಡೆದರೆ ಎದೆಗೆ ಬಡಿಯುತ್ತಿತ್ತು. ತಾಳಿಯ ಸರಕ್ಕೆ ಹಗ್ಗ ಸುತ್ತಿಕೊಂಡು ದಿನಾ ಬಿಡಿಸಬೇಕಾಗುತ್ತಿತ್ತು. ಅವಳದಕ್ಕೆ ಹಿಡಿ ಕೆಳಮುಖ. ಒರೆ ಎಷ್ಟು ಬಿಗಿ ಅಂದರೆ ತಲೆಕೆಳಗಾದರೂ ಚೂರಿ ಬೀಳದು, ಎಳೆದರೆ ಮಾತ್ರ ಬರುವುದು. ನನ್ನದನ್ನು ಹಾಗೆ ತೂಗುಬಿಟ್ಟರೆ ಜಾರಿ ಬಿದ್ದೇ ಹೋಗುತ್ತದೆ. ಹಾಗಾಗಿ ಹಿಡಿ ಮೇಲೆ. ಬಗ್ಗಿದರೆ ಅದು ಗದ್ದಕ್ಕೆ ಕುಟ್ಟುತ್ತಿತ್ತು. ಇದೆಲ್ಲ ತಿಳಿದರೂ ನಾನು ತೆಗೆದಿಡಲಿಲ್ಲ. ತೆಗೆದರೆ ಅವಳು ಏನಂದುಕೊಳ್ಳುತ್ತಾಳೆ ಅನ್ನುವುದೇ ನನಗೆ ದೊಡ್ಡದಾಗಿತ್ತು.

ಒಂದು ಬೆಳಿಗ್ಗೆ ಮೇಕೆಗಳಿಗೆ ಹುಳದ ಔಷಧಿ ಕುಡಿಸುತ್ತಿದ್ದೆವು. ನಾನು ದೊಡ್ಡ ಹೋತನ ಮುಂದೆ ಮಂಡಿಯೂರಿ ಅದರ ಬಾಯಿಗೆ ಸೀಸೆ ಇಡುತ್ತಿದ್ದೆ. ಔಷಧಿಯ ಕಹಿಗೆ ಅದು ತಲೆ ಕೊಡವಿತು. ಕೊಂಬು ನನ್ನ ನೈಲಾನ್ ಹಗ್ಗದೊಳಗೆ ಹೊಕ್ಕಿತು. ಹೋತ ಬೆದರಿ ಓಡಿತು. ನಾನು ಮುಖ ಅಡಿಯಾಗಿ ಬಿದ್ದು ಅದರ ಹಿಂದೆ ಹಟ್ಟಿಯ ಮಣ್ಣಿನಲ್ಲಿ ಎಳೆಸಿಕೊಂಡು ಹೋದೆ. ಹಗ್ಗ ಗಂಟಲಿಗೆ ಕಚ್ಚಿಕೊಂಡಿತ್ತು. ಕೂಗಲು ಉಸಿರಿಲ್ಲ. ಚೂರಿಗಾಗಿ ಎದೆ ತಡಕಿದೆ. ಕೈಗೆ ಸಿಕ್ಕಿದ್ದು ಬರೀ ಒರೆ. ಬಿದ್ದ ರಭಸಕ್ಕೆ ಚೂರಿ ಜಾರಿ ಎಲ್ಲೋ ಬಿದ್ದಿತ್ತು. ನೈಲಾನ್ ಮಾತ್ರ ಹಗ್ಗ ಮಾರಿದ ಅಂಗಡಿಯವನು ಹೇಳಿದ ಹಾಗೆಯೇ ಇತ್ತು, ಹರಿಯಲಿಲ್ಲ.

ಓರಗಿತ್ತಿ ಹೋತನ ಮೇಲೆಯೇ ಬಿದ್ದಳಂತೆ. ನನಗೆ ಗೊತ್ತಾಗಿದ್ದು ಕಿವಿಯ ಪಕ್ಕದಲ್ಲಿ ಅವಳ ಚೂರಿಗೆ ಹಗ್ಗ ತುಂಡಾದ ಸದ್ದು, ಆಮೇಲೆ ಗಂಟಲೊಳಗೆ ಬೆಂಕಿಯ ಹಾಗೆ ನುಗ್ಗಿದ ಗಾಳಿ. ಕಣ್ಣು ಬಿಟ್ಟಾಗ ಅವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕೊರಳಲ್ಲಿ ಈಗ ತಾಳಿ ಮಾತ್ರ ಇತ್ತು. ಅವಳ ಚೂರಿಯ ದಾರಕ್ಕೂ ಹೋತನ ಕೊಂಬು ಸಿಕ್ಕಿತ್ತಂತೆ, ಆದರೆ ಆ ಹತ್ತಿದಾರ ಒಂದೇ ಜಗ್ಗಿಗೆ ಪಟ್ ಅಂತ ಹರಿದು ಅವಳನ್ನು ಬಿಟ್ಟುಬಿಟ್ಟಿತ್ತು.

ಅತ್ತೆ ನನ್ನ ಕತ್ತಿನ ಸುತ್ತ ಎದ್ದಿದ್ದ ಕೆಂಪು ಬರೆಗೆ ಕೊಬ್ಬರಿ ಎಣ್ಣೆ ಸವರುತ್ತಾ, "ಚಿಕ್ಕೋಳು ಇರ್ಲಿಲ್ಲಾಂದ್ರೆ ಇವತ್ತು ಏನಾಗೋದು" ಅಂದರು. ಗಂಡ ಬಂದಾಗ ಅದನ್ನೇ ಅಂದರು. ಪಕ್ಕದ ಮನೆಯವರು ಬಂದಾಗಲೂ ಅದನ್ನೇ. ನನ್ನ ಪ್ರಾಣ ಉಳಿಸಿದವಳ ಮೇಲೆ ಹೊಟ್ಟೆಕಿಚ್ಚು ಆರಬೇಕು, ಎಲ್ಲ ಕಥೆಗಳಲ್ಲೂ ಆರುತ್ತದೆ. ನನಗೆ ಅವತ್ತು ಇನ್ನೂ ಜೋರಾಗಿ ಹತ್ತಿಕೊಂಡಿತು. ಮೊದಲು ಅವಳಲ್ಲಿ ಚೂರಿಯಿತ್ತು, ಅತ್ತೆಯ ಪ್ರೀತಿಯಿತ್ತು, ಅಳತೆ ತೆಗೆಸುವ ಅಪ್ಪನಿದ್ದ. ಈಗ ನನ್ನ ಉಸಿರೂ ಅವಳ ಪಾಲಿಗೆ ಸೇರಿತ್ತು.

ಎರಡು ದಿನ ನನಗೆ ಎಂಜಲು ನುಂಗಲೂ ಆಗುತ್ತಿರಲಿಲ್ಲ. ಮೂರನೆಯ ದಿನ ಅವಳು ಗಂಜಿ ತಂದಿಟ್ಟು, ಚೂರಿಯನ್ನು ಕೊರಳಿಂದ ತೆಗೆದು ನನ್ನ ಮುಂದೆ ಹಿಡಿದಳು.

"ಅಕ್ಕ, ಇದ ನೀವೇ ಇಟ್ಕಳಿ."

"ನಿಮ್ಮಪ್ಪ ಕೊಟ್ಟಿದ್ದಲ್ವಾ?"

"ಅವ್ರು ಇನ್ನೊಂದು ಮಾಡ್ಸಿಕೊಡ್ತಾರೆ. ನಾ ಬಂದಾಗ್ನಿಂದ ನೀವು ಅದನ್ನೇ ನೋಡ್ತಿದೀರ, ನಂಗೇನು ಗೊತ್ತಾಗಲ್ವಾ?"

ನಾನು ಬೇಡವೆನ್ನಬೇಕಿತ್ತು. ಕೈ ಮುಂದೆ ಹೋಗಿಬಿಟ್ಟಿತ್ತು. ಎಷ್ಟೋ ತಿಂಗಳಿಂದ ಕಣ್ಣಲ್ಲೇ ಹಿಡಿದಿದ್ದ ಚೂರಿಯನ್ನು ಕೈಯಲ್ಲಿ ಹಿಡಿದೆ. ಹಿಡಿ ನನ್ನ ಅಂಗೈಯಲ್ಲಿ ಎಲ್ಲೋ ಕಳೆದುಹೋಯಿತು. ಕಿರುಬೆರಳಿಗೆ ಜಾಗವೇ ಇಲ್ಲ. ಒತ್ತಿ ಕೊಯ್ಯಲು ನೋಡಿದರೆ ಹೆಬ್ಬೆರಳು ಅಲಗಿನ ಮೇಲೆಯೇ ಬರುತ್ತಿತ್ತು. ಅವಳದು ಸಣ್ಣ ಕೈ. ನನ್ನದು ನಮ್ಮ ಅಪ್ಪನ ಹಾಗೆ ಅಗಲ. ಅವಳಿಗೆ ಹೇಳಿ ಮಾಡಿಸಿದ್ದು ನನಗೆ ಎಂದೂ ಒಗ್ಗುವುದಲ್ಲ ಅಂತ ಒಂದು ಹಿಡಿತದಲ್ಲೇ ತಿಳಿಯಿತು. ಚೂರಿಯನ್ನು ಹಿಂದಕ್ಕೆ ಕೊಟ್ಟೆ.

"ನಂಗಾಗಲ್ಲ ಕಣೆ. ಸಣ್ಣದಾಯ್ತು."

"ಅಂಗಾದ್ರೆ ನಡೀರಿ, ಆಚಾರಿ ತಾವ ಓಗಣ. ನಾನೂ ಬತ್ತೀನಿ."

ಕತ್ತಿನ ಬರೆ ಮಾಸಿದ ಮೇಲೆ ಇಬ್ಬರೂ ನಂಗವಳ್ಳಿಗೆ ಹೋದೆವು. ಹಟ್ಟಿಯಲ್ಲಿ ಹುಡುಕಿ ತೆಗೆದಿದ್ದ ಹಿತ್ತಾಳೆ ಹಿಡಿಯ ಚೂರಿಯನ್ನು ಆಚಾರಿಯ ಮುಂದಿಟ್ಟೆ. ಅವರು ನಗಲಿಲ್ಲ, ನಾನು ಹೇಳಿದ್ದನ್ನು ನೆನಪಿಸಲೂ ಇಲ್ಲ. ಅದೇ ಅಲಗನ್ನು ಕಾಯಿಸಿ ಕಡಿದು ಗಿಡ್ಡ ಮಾಡಬಹುದು ಅಂದರು. ಕುರಿಯ ಗೊರಸು ಕೆತ್ತಲು ಅಲಗಿನ ಬಾಯಿ ತುದಿಯಲ್ಲಿ ತುಸು ಬಾಗಿರಲಿ ಅಂತ ನಾನು ಕೇಳಿದೆ. ಅದು ಓರಗಿತ್ತಿಯ ಚೂರಿಯಲ್ಲಿ ಇರಲಿಲ್ಲ. ಅವರು ಜಾಲಿಯ ಒಂದು ತುಂಡನ್ನು ಕೆತ್ತಿ ನನ್ನ ಕೈಗೆ ಕೊಟ್ಟು, ಹಿಡಿದು ನೋಡಿಸಿ, ಮತ್ತೆ ಕೆತ್ತಿ, ಮತ್ತೆ ಕೊಟ್ಟರು. ಕಣ್ಣು ಮುಚ್ಚಿ ಹಿಡಿದರೂ ಬಾಯಿ ಯಾವ ಕಡೆ ಇದೆ ಅಂತ ಬೆರಳಿಗೆ ಗೊತ್ತಾಗುವವರೆಗೂ ನಾನು ಬಿಡಲಿಲ್ಲ. ಒರೆಯನ್ನು ಈ ಸಲ ಒದ್ದೆ ತೊಗಲಿನಲ್ಲಿ ಚೂರಿಯ ಮೇಲೆಯೇ ಬಿಗಿದು ಹೊಲಿಸಿದೆವು. ಒಣಗಿದ ಮೇಲೆ ಓರಗಿತ್ತಿ ಅದನ್ನು ತಲೆಕೆಳಗು ಮಾಡಿ ಜೋರಾಗಿ ಕೊಡವಿದಳು. ಬೀಳಲಿಲ್ಲ. ದಾರವನ್ನು ಅವಳೇ ಹತ್ತಿಯಿಂದ ಹೊಸೆದು ನನ್ನ ಕೊರಳಿಗೆ ಹಾಕಿ, ಹೇಳದೆ ಕೇಳದೆ ಹಿಂದಿನಿಂದ ಒಂದು ಜಗ್ಗು ಜಗ್ಗಿದಳು. ಹರಿಯಿತು. "ಈಗ ಸರಿ" ಅಂದು ಇನ್ನೊಂದು ಹೊಸೆದಳು.

ಬಸ್ಸಿನಲ್ಲಿ ಬರುವಾಗ ಕೊರಳಲ್ಲಿ ಅದು ಇದೆಯೆಂಬುದೇ ಮರೆತುಹೋಗಿತ್ತು. ಇಳಿದ ಮೇಲೆ ಮುಟ್ಟಿ ನೋಡಿಕೊಂಡೆ.

ಅತ್ತೆ ಕೈಗೆ ತೆಗೆದುಕೊಂಡು, ಒರೆಯಿಂದ ಎಳೆದು, ಉಗುರಿನ ಮೇಲೆ ಬಾಯಿಯ ಹರಿತ ನೋಡಿ, "ಚೆನ್ನಾಗೈತೆ" ಅಂದರು. ನನ್ನ ಮನಸ್ಸು ಅರಳುವಷ್ಟರಲ್ಲಿ, "ನಮ್ ಚಿಕ್ಕೋಳದ್ರಂಗೇ ಐತೆ" ಅಂತ ಸೇರಿಸಿದರು.

ಮೊನ್ನೆ ಹಟ್ಟಿಯಲ್ಲಿ ಇಬ್ಬರೂ ಕುರಿಗಳ ಗೊರಸು ಕೆತ್ತುತ್ತಿದ್ದೆವು. ನನ್ನ ಬಾಗಿದ ಬಾಯಿಗೆ ಗೊರಸು ಗೆಣಸಿನ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಅವಳು ಎರಡು ಕುರಿ ಮುಗಿಸುವಷ್ಟರಲ್ಲಿ ನಾನು ಮೂರು ಮುಗಿಸಿದ್ದೆ. ಅವಳು ಕೈ ನಿಲ್ಲಿಸಿ ನನ್ನ ಚೂರಿಯನ್ನೇ ಒಂದು ಕ್ಷಣ ನೋಡಿದಳು. ಆ ನೋಟವನ್ನು ನಾನು ಚೆನ್ನಾಗಿ ಬಲ್ಲೆ.

"ಅಕ್ಕ, ಒಸಿ ಕೊಡಿ ಇತ್ಲಾಗೆ, ನೋಡ್ತೀನಿ."

"ನಿನ್ ಕೈಗೆ ದೊಡ್ಡದಾಯ್ತದೆ ಬುಡು" ಅಂದು ನಾನು ಮುಂದಿನ ಕುರಿಯ ಕಾಲು ಹಿಡಿದೆ.