ತಾತನ ಬಿಳಿ ಕಾಯಿ

ಹಳೆಯ ಬಿಸ್ಕತ್ ಡಬ್ಬಿಯ ಮುಚ್ಚಳ ತೆಗೆದರೆ ಇವತ್ತಿಗೂ ನಶ್ಯದ ಘಾಟು ಮೂಗಿಗೆ ಬಡಿಯುತ್ತದೆ. ಒಳಗಿರುವುದು ತಾತನ ಚದುರಂಗದ ಕಾಯಿಗಳು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದ್ದೀತು, ತೆಗೆಯಲು ಭಯವಾಗುವಂಥದ್ದು. ಬನ್ನೂರಿನ ಹತ್ತಿರದ ನಮ್ಮ ಮನೆಯಲ್ಲಿ ಬಿಳಿ ಕಾಯಿ ಯಜಮಾನನದು, ಅಂದರೆ ತಾತನದು. ಎದುರಿಗೆ ಯಾರೇ ಕೂರಲಿ, ಅವರಿಗೆ ಕಪ್ಪು. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು ಅನ್ನುವುದು ತಾತನ ಕಾನೂನು. ಅಜ್ಜಿ ತೀರಿಕೊಂಡ ಮೇಲೆ ಅವರು ಬಾಯಿ ಬಿಡುತ್ತಿದ್ದದ್ದು ಆ ಮಣೆಯ ಮುಂದೆ, ನನ್ನೊಬ್ಬಳ ಜೊತೆ. "ಉಸಾರು ಕಣವ್ವ, ಕುದ್ರೆ ಓಯ್ತದೆ" ಅನ್ನುವ ಆ ಒಂದು ಮಾತಿಗೆ ನಾನು ಸ್ಕೂಲಿನಿಂದ ಓಡೋಡಿ ಬರುತ್ತಿದ್ದೆ.

ನಂಜನಗೂಡಿನಲ್ಲಿ ಮಕ್ಕಳ ಪಂದ್ಯ ಅಂತಾದಾಗ ತಾತನೇ ಡಬ್ಬಿಯನ್ನೂ ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಹೊರಡುವಾಗ ಅಮ್ಮನಿಗೆ, "ಸೋತ್ರೆ ಆಟ ಸಾಕು, ಓದ್ಕಳ್ಳಿ" ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಸೋತರೆ ಮಣೆ ಅಟ್ಟ ಸೇರುತ್ತದೆ, ಮನೆ ಮತ್ತೆ ಮೂಕವಾಗುತ್ತದೆ. ಅದೇ ಹೆದರಿಕೆಯಲ್ಲಿ ಮಣೆಯ ಮುಂದೆ ಕೂತೆ. ನನಗೆ ಸಿಕ್ಕಿದ್ದು ಕಪ್ಪೇ. ಮೈಸೂರಿನ ಹುಡುಗ ಕಾಲಾಳನ್ನು ಠೀವಿಯಿಂದ ಎರಡು ಮನೆ ತಳ್ಳಿದ. ನಾನೂ ಎರಡು ಮನೆ ನಡೆಸಬಹುದು ಅಂತ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ಕಿಟಕಿಯಾಚೆ ತಾತ ನಿಂತಿದ್ದರು. ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ನಡೆಸಿದೆ. ಹುಡುಗ ಕಿಸಕ್ಕನೆ ನಕ್ಕ. ನಕ್ಕವನು ನುಗ್ಗಿ ನುಗ್ಗಿ ಬಂದು ಆ ಪುಟ್ಟ ಕಾಲಾಳುಗಳ ಗೋಡೆಗೆ ಹಣೆ ಚಚ್ಚಿಕೊಂಡ. ಅವನ ರಾಜನ ಮುಂದೆ ಕಾಯಲು ಯಾರೂ ಉಳಿಯಲಿಲ್ಲ. ನನ್ನ ಮಂತ್ರಿ ಅಲ್ಲಿ ಹೋಗಿ ನಿಂತಿತು, ನಾನು ಗೆದ್ದೆ. ತೀರ್ಪುಗಾರರು ಬೆರಗಾಗಿ, "ಫ್ರೆಂಚ್ ಡಿಫೆನ್ಸು! ಕಪ್ಪಿನವರು ಮೊದಲು ಒಂದೇ ಮನೆ ನಡೆಸೋ ಕ್ಲಾಸಿಕಲ್ ಆಟ ಕಣಮ್ಮ ಇದು, ಯಾರು ಹೇಳ್ಕೊಟ್ರು?" ಅಂದರು. ಭಯ ಹೇಳಿಕೊಟ್ಟಿತು ಅನ್ನಲು ನಾಚಿಕೆಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ತಾತ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, "ನಾಳಿಂದ ಬಿಳೀದು ನಿಂದೇ ಕಣವ್ವ" ಅಂದರು. ಪಂದ್ಯದಲ್ಲಿ ಪಟ್ಟ ಭಯ ಇದರ ಮುಂದೆ ಏನೂ ಅಲ್ಲ. ಯಜಮಾನಿಕೆ ಬಿಟ್ಟವರು ಎಲ್ಲಿಗೆ ಹೋಗುತ್ತಾರೆ ಅಂತ ನನಗೆ ಹತ್ತು ವರ್ಷಕ್ಕೇ ಗೊತ್ತಿತ್ತು. "ಬ್ಯಾಡ ತಾತ, ನಂಗೆ ಕರೀದೇ ಇರ್ಲಿ" ಅಂತ ಅತ್ತೆ. ಅವರು ನಕ್ಕು ನಶ್ಯ ಏರಿಸಿದರು. ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ತಾತ ಇರಲಿಲ್ಲ.

ಪಾಲಾದ ಆ ಮನೆ ಈಗ ಇಲ್ಲ. ಡಬ್ಬಿ ಮಾತ್ರ ನನ್ನ ಪಾಲಿಗೆ ಬಂತು. ಆಗಾಗ ಮಣೆ ಹಾಸಿ, ಕಪ್ಪನ್ನು ನನ್ನ ಕಡೆಗೆ, ಬಿಳಿಯನ್ನು ಆ ಕಡೆಗೆ ಜೋಡಿಸಿ ಕೂರುತ್ತೇನೆ. ಮೊದಲ ನಡೆ ಬಿಳಿಯದು. ಅದಕ್ಕೇ ನಾನಿನ್ನೂ ಒಂದು ಕಾಯನ್ನೂ ನಡೆಸಿಲ್ಲ.